ಲಾಂಗ್‌ಆರ್ಮ್ ಯಂತ್ರ: ಯಾವ ಕಂಪನಿಯದು ಎಂದು ಕೇಳುವ ಮೊದಲು

(ಟ್ರಸ್ಟ್‌ನ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಾನ್ಯ ಅಧ್ಯಕ್ಷರೇ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳಿಂದ ಬಂದಿರುವ ದಾನಿಗಳೇ, ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳೇ, ಅವರ ತಾಯಿ ತಂದೆಯರೇ,

ಜಮಾ ಖರ್ಚನ್ನು ಖಜಾಂಚಿಯವರು ಓದಿ ಮುಗಿಸಿದ್ದಾರೆ. ವಿದ್ಯಾರ್ಥಿವೇತನದ ಪ್ರಕಟಣೆ ಈ ವರದಿಯ ಕೊನೆಯ ಪುಟಗಳಲ್ಲಿದೆ. ನಮಗೆ ಒಪ್ಪಿಸಿರುವುದು ಒಂದೇ ವಿಷಯ. ಹೊಲಿಗೆ ಕೇಂದ್ರಕ್ಕೆ ದೊಡ್ಡ ಯಂತ್ರ ಬರುತ್ತದೆ ಎಂದು ಕಳೆದ ವರ್ಷ ಇದೇ ಸಭೆಯಲ್ಲಿ ಹೇಳಿದ್ದೆವು. ಇನ್ನೂ ಬಂದಿಲ್ಲ. ಯಾಕೆ ಬಂದಿಲ್ಲ ಎಂದು ಹಲವರು ಫೋನ್ ಮಾಡಿ ಕೇಳಿದ್ದೀರಿ, ಮಸೀದಿಯ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದ್ದೀರಿ. ಕೇಳುವ ಹಕ್ಕು ನಿಮಗಿದೆ. ಹಣ ನಿಮ್ಮದು.

ಮೊದಲಿಗೆ ಆ ಯಂತ್ರ ಎಂಥದ್ದು ಎಂದು ಹೇಳಬೇಕು. ನಮ್ಮ ಮನೆಗಳಲ್ಲಿ ಗೋದಡಿ ಎನ್ನುತ್ತೇವೆ, ನೆರೆಮನೆಯವರು ಕೌದಿ ಎನ್ನುತ್ತಾರೆ. ಅದನ್ನು ಮಾಮೂಲು ಹೊಲಿಗೆ ಮೆಷಿನ್ನಿನಲ್ಲಿ ಹೊಲಿಯಲು ಹೋದವರಿಗೆ ಕಷ್ಟ ಗೊತ್ತು. ಸೂಜಿಯಿಂದ ಮೆಷಿನ್ನಿನ ಕಂಬದವರೆಗೆ ಇರುವ ಜಾಗ ಆರೇಳು ಅಂಗುಲ. ಇಡೀ ಗೋದಡಿಯನ್ನು ಚಾಪೆಯಂತೆ ಸುರುಳಿ ಸುತ್ತಿ ಆ ಕಿಂಡಿಯೊಳಗೆ ತುರುಕಬೇಕು. ಒಬ್ಬರು ಹೊಲಿದರೆ ಇನ್ನೊಬ್ಬರು ಹಿಡಿದು ನಿಂತಿರಬೇಕು. ಲಾಂಗ್‌ಆರ್ಮ್ ಯಂತ್ರದಲ್ಲಿ ಇದು ತಿರುಗುಮುರುಗು. ಬಟ್ಟೆ ಹತ್ತು ಹನ್ನೆರಡು ಅಡಿ ಉದ್ದದ ಚೌಕಟ್ಟಿನ ಮೇಲೆ ರೋಲರುಗಳಿಗೆ ಬಿಗಿದು ನಿಲ್ಲುತ್ತದೆ. ಮೆಷಿನ್ನಿನ ತಲೆಯೇ ಹಳಿಯ ಮೇಲೆ ಅತ್ತಿತ್ತ ಓಡಾಡುತ್ತದೆ. ಹಿಡಿಕೆ ಹಿಡಿದು ಕಾಗದದ ಮೇಲೆ ಚಿತ್ರ ಬರೆದ ಹಾಗೆ ಹೊಲಿಯುತ್ತಾ ಹೋಗಬಹುದು. ಕೈ ಜೋರಾದರೂ ನಿಧಾನವಾದರೂ ಹೊಲಿಗೆಯ ಉದ್ದ ಒಂದೇ ಸಮ ಬರುವಂತೆ ನೋಡಿಕೊಳ್ಳುವ ಉಪಕರಣ ಅದರಲ್ಲಿ ಇರುತ್ತದೆ. ನೋಡಲು ಬಹಳ ಚೆಂದ. ಒಂದು ದಿನದಲ್ಲಿ ಒಂದಲ್ಲ, ಎರಡು ರಜಾಯಿ ಮುಗಿಯಬಹುದು.

ಇದನ್ನು ಕೊಡಿಸುತ್ತೇವೆ ಎಂದು ಮುಂದೆ ಬಂದದ್ದು ಹೊರದೇಶದಲ್ಲಿ ನೆಲೆಸಿರುವ, ನಮ್ಮೂರಿನ ಮೂಲದ ಒಂದು ಕುಟುಂಬ. ಹೆಸರು ಹೇಳಬಾರದು ಎಂಬ ಷರತ್ತು ಹಾಕಿದ್ದಾರೆ. ಆ ಮನೆಯ ಸೊಸೆ ಅಲ್ಲಿ ಇಂಥ ಯಂತ್ರದಲ್ಲಿ ಕೆಲಸ ಕಲಿತವರು. ಯಾವ ಕಂಪನಿಯದು ಬೇಕು, ನೀವೇ ಆರಿಸಿ ಎಂದರು.

ಆರಿಸಲು ಕೂತೆವು. ನಿವೃತ್ತ ಮೇಷ್ಟ್ರುಗಳ ಕೈಗೆ ಕ್ಯಾಟಲಾಗ್ ಕೊಟ್ಟರೆ ಏನಾಗುತ್ತದೆ ಎಂದು ನೀವು ಊಹಿಸಬಹುದು. ಉದ್ದ ಗೆರೆ, ಅಡ್ಡ ಗೆರೆ ಎಳೆದು ಪಟ್ಟಿ ಮಾಡಿದೆವು. ಅಮೆರಿಕದ ಗ್ಯಾಮಿಲ್, ಎ.ಪಿ.ಕ್ಯೂ.ಎಸ್., ಹ್ಯಾಂಡಿ ಕ್ವಿಲ್ಟರ್, ಸ್ವಿಟ್ಜರ್ಲೆಂಡಿನ ಬರ್ನಿನಾ, ಜಪಾನಿನ ಜೂಕಿ. ಹ್ಯಾಂಡಿ ಕ್ವಿಲ್ಟರ್‌ನ ಅವಾಂತೆ ಎಂಬ ಮಾದರಿಯಲ್ಲಿ ಕಿಂಡಿ 18 ಅಂಗುಲ, ಬರ್ನಿನಾದ ಕ್ಯೂ 24ರಲ್ಲಿ ಹೆಸರೇ ಹೇಳುವಂತೆ 24, ಎ.ಪಿ.ಕ್ಯೂ.ಎಸ್.ನ ಮಿಲೆನಿಯಂನಲ್ಲಿ 26. ಹೊಲಿದ ಭಾಗ ರೋಲರಿಗೆ ಸುತ್ತಿಕೊಳ್ಳುತ್ತಾ ದಪ್ಪವಾಗುವುದರಿಂದ ಕಿಂಡಿಯಲ್ಲಿ ಮೂರ್ನಾಲ್ಕು ಅಂಗುಲ ಅದಕ್ಕೇ ಹೋಗುತ್ತದೆ. ಏಳನೇ ತರಗತಿಯ ಲೆಕ್ಕ ಇದು: 90 ಅಂಗುಲದ ಗೋದಡಿಗೆ, ಒಂದು ಸಲಕ್ಕೆ 14 ಅಂಗುಲ ಹೊಲಿದರೆ ಏಳು ಸಲ ಹೊಲಿಯಬೇಕು, 20 ಅಂಗುಲ ಹೊಲಿದರೆ ಐದೇ ಸಲ. ಆದ್ದರಿಂದ ದೊಡ್ಡ ಕಿಂಡಿಯದೇ ಬೇಕು ಎಂದು ಒಬ್ಬರು. ಆ ಎರಡು ಸಲಕ್ಕೆ ಅಷ್ಟು ಹಣವೇ ಎಂದು ಇನ್ನೊಬ್ಬರು. ಹತ್ತು ಇಪ್ಪತ್ತು ಸಾವಿರ ಡಾಲರಿನ ಮಾತು; ಕಂಪ್ಯೂಟರ್ ಜೋಡಿಸಿದರೆ ಅದಕ್ಕೂ ಮೇಲೆ. ಹಡಗಿನ ಬಾಡಿಗೆ, ಸುಂಕ ಬೇರೆ. ಕೊನೆಗೆ ಎರಡು ಕಂಪನಿಗಳಿಗೆ ಬಂದು ನಿಂತೆವು. ಎರಡೂ ಒಳ್ಳೆಯ ಯಂತ್ರಗಳೇ. ಯಾವುದನ್ನು ಬೇಡ ಎನ್ನಲೂ ಕಾರಣವಿರಲಿಲ್ಲ.

ಆಗ ನಮ್ಮ ಸಮಿತಿಯ ಒಬ್ಬ ಸದಸ್ಯೆ, ತಾವೇ ಮೂವತ್ತು ವರ್ಷ ಹೊಲಿದವರು, ಒಂದು ಪ್ರಶ್ನೆ ಕೇಳಿದರು. ಜುಲೈ ತಿಂಗಳಲ್ಲಿ ಇದು ಕೆಟ್ಟರೆ ಯಾರು ಬರುತ್ತಾರೆ?

ಅಲ್ಲಿಂದ ನಮ್ಮ ಅನುಮಾನ ಶುರುವಾಯಿತು. ಸಾಗರದಲ್ಲಿ ಕಾಲು ಮೆಷಿನ್ ಕೆಟ್ಟರೆ ಪೇಟೆಯಲ್ಲೇ ರಿಪೇರಿ ಮಾಡುವವರಿದ್ದಾರೆ. ಗಾರ್ಮೆಂಟ್ಸ್‌ನವರು ಬಳಸುವ ಜೂಕಿ, ಜಾಕ್ ಮೆಷಿನ್ನುಗಳಿಗೆ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಹೋದರೆ ಸಾಮಾನು ಸಿಗುತ್ತದೆ. ಲಾಂಗ್‌ಆರ್ಮ್‌ನ ಒಂದು ಸಣ್ಣ ಸರ್ಕ್ಯೂಟ್ ಬೋರ್ಡ್ ಹೋದರೆ ಹೊರದೇಶದಿಂದ ತರಿಸಬೇಕು. ಅದರ ಬಾಬಿನ್ ಕೂಡ ನಮ್ಮ ಅಂಗಡಿಯ ಬಾಬಿನ್ ಅಲ್ಲ, ಎಂ ವರ್ಗದ ದೊಡ್ಡದು. ಅಮೆರಿಕದಲ್ಲಿ ಮನೆಯ ಕರೆಂಟು 120 ವೋಲ್ಟ್, ನಮ್ಮಲ್ಲಿ 230. ಅಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಕಳಿಸೋಣ, ಅಗ್ಗವಾಗುತ್ತದೆ ಎಂದು ಆ ಕುಟುಂಬ ಯೋಚಿಸಿತ್ತು. ಅದು ಈ ಒಂದು ಸಂಖ್ಯೆಯ ಮುಂದೆಯೇ ನಿಂತಿತು.

ಕರೆಂಟಿನ ಮಾತು ಬಂದಿತಲ್ಲ. ನಮ್ಮ ಶರಾವತಿಯ ನೀರಿನಿಂದ 1948ರಿಂದಲೂ ವಿದ್ಯುತ್ ಹೊರಟು ನಾಡಿಗೆಲ್ಲ ಹೋಗುತ್ತಿದೆ. ಆದರೆ ಹುಲಿಕಲ್ಲಿನ ಮಳೆ, ಆಗುಂಬೆಯ ಮಳೆ ಗೊತ್ತಿರುವವರಿಗೆ ಆಷಾಢದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಕಾಲು ಮೆಷಿನ್ನಿಗೆ ಕಿಟಕಿಯ ಬೆಳಕು ಸಾಕು. ಇನ್ನೊಂದು, ತೇವ. ಹನ್ನೆರಡು ಅಡಿಯ ಹಳಿ ನುಣುಪಾಗಿದ್ದರೆ ಮಾತ್ರ ತಲೆ ಜಾರುತ್ತದೆ. ಪುಸ್ತಕದ ರಟ್ಟಿಗೇ ಬೂಷ್ಟು ಹಿಡಿಯುವ ಊರಿನಲ್ಲಿ ಆ ಹಳಿಗೆ, ಬೇರಿಂಗಿಗೆ ತುಕ್ಕು ಹಿಡಿಯದಂತೆ ವರ್ಷಕ್ಕೆ ನಾಲ್ಕು ತಿಂಗಳು ಕಾಯಬೇಕು.

ಇಲ್ಲಿ ಒಂದು ಎಚ್ಚರಿಕೆ, ಖಾಸಗಿಯಾಗಿ ಕೊಳ್ಳುವ ಯೋಚನೆ ಇರುವವರಿಗೆ. ನಮ್ಮ ದೇಶದ ಅಂಗಡಿಯಲ್ಲಿ ಲಾಂಗ್‌ಆರ್ಮ್ ಬೇಕು ಎಂದರೆ ಬೇರೆಯದನ್ನೇ ತೋರಿಸಬಹುದು. ಡೇರೆ, ಟಾರ್ಪಾಲು, ಹಾಸಿಗೆ ಹೊಲಿಯುವ ಉದ್ದ ತೋಳಿನ ಕೈಗಾರಿಕಾ ಮೆಷಿನ್ನಿಗೂ ಅದೇ ಹೆಸರು. ಅದಕ್ಕೆ ಚೌಕಟ್ಟಿಲ್ಲ, ಹಳಿಯಿಲ್ಲ. ಬಟ್ಟೆಯನ್ನು ನಾವೇ ತಳ್ಳಬೇಕು. ಒಳ್ಳೆಯ ಮೆಷಿನ್ನೇ, ಆದರೆ ನೀವು ಕೇಳಿದ್ದು ಅದಲ್ಲ. ಮುಂಗಡ ಕೊಡುವ ಮೊದಲು ಹೊಲಿಗೆ ಹಾಕಿಸಿ ನೋಡಿ, ನಿಮ್ಮದೇ ಬಟ್ಟೆ ತೆಗೆದುಕೊಂಡು ಹೋಗಿ.

ನಿಮ್ಮದೇ ಬಟ್ಟೆ ಎಂದೆವು. ನಮಗೆ ಎರಡನೇ ಸಲ ಯೋಚನೆ ಬರಿಸಿದ್ದು ಇದೇ. ಲಾಂಗ್‌ಆರ್ಮ್ ಬೇಡುವುದು ಚೌಕವಾಗಿ ಕತ್ತರಿಸಿದ ಹೊಸ ಬಟ್ಟೆಯನ್ನು, ಒಂದೇ ದಪ್ಪದ ಹತ್ತಿಯ ಪದರವನ್ನು. ನಮ್ಮ ಗೋದಡಿಯ ಒಳಗೆ ಇರುವುದೇನು? ಅಜ್ಜಿಯ ಸೀರೆ, ಹರಿದ ಲುಂಗಿ, ಮಕ್ಕಳ ಯೂನಿಫಾರಂ. ಒಂದು ಕಡೆ ಮೂರು ಪದರ, ಇನ್ನೊಂದು ಕಡೆ ಏಳು. ಅಂಚಿನ ಮೇಲೆ ಅಂಚು ಬಂದಲ್ಲಿ ಸೂಜಿ ಬಾಗುತ್ತದೆ, ದಾರ ಕಡಿಯುತ್ತದೆ. ಕೈಸೂಜಿ ಮಾತ್ರ ಅಲ್ಲಿ ನಿಧಾನಿಸಿ ದಾಟುತ್ತದೆ.

ಪಕ್ಕದ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿ ನೋಡಿದವರು ಈ ಸಭೆಯಲ್ಲಿದ್ದಾರೆ. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಕೌದಿಯ ರೀತಿ ಮಾತ್ರ ಒಂದೇ. ಅಂಚಿನಿಂದ ಹಿಡಿದು ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೆ ತ್ರಿಕೋನದ ಹೂವು ಇಡುತ್ತಾರೆ. ಮುಸ್ಲಿಂ ಮನೆಗಳ ಕೌದಿಯಲ್ಲಿ ಚಂದ್ರ, ಮಸೀದಿ ಬರುವುದುಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಕಲಾ ಇತಿಹಾಸದ ಪ್ರಾಧ್ಯಾಪಕರು ಇದನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನಲ್ಲಿ ಆ ಕೌದಿಗಳ ಪ್ರದರ್ಶನವೇ ನಡೆಯಿತು. ಅಂದರೆ ಲಾಂಗ್‌ಆರ್ಮ್ ತಯಾರಾಗುವ ದೇಶದವರೇ ನಮ್ಮ ಕೈಹೊಲಿಗೆಯನ್ನು ಗೋಡೆಗೆ ತೂಗುಹಾಕಿ ನೋಡಿದರು. ನಮ್ಮ ತಾಲ್ಲೂಕಿನ ಭೀಮನಕೋಣೆಯ ಚರಕ ಮಹಿಳಾ ಸಹಕಾರ ಸಂಘವೂ ಕೈಮಗ್ಗದ ಬಟ್ಟೆಗೆ, ಗಿಡದ ಬಣ್ಣಕ್ಕೆ ಬೆಂಗಳೂರಿನವರು ಬೆಲೆ ಕೊಡುವಂತೆ ಮಾಡಿದೆ. ಯಂತ್ರವೆಂದರೆ ಬೇಡವೇ ಬೇಡ ಎನ್ನುವ ಪಕ್ಷ ನಮ್ಮದಲ್ಲ. ಯಂತ್ರಗಳ ವಿಷಯದಲ್ಲಿ ಅಷ್ಟು ಕಟುವಾಗಿದ್ದ ಗಾಂಧೀಜಿಯೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು.

ಪಿಂಜಾರರ ಮಾತು ಹೇಳದೆ ಇದು ಮುಗಿಯುವುದಿಲ್ಲ. ನದಾಫ್ ಮನೆತನದವರು ಇಲ್ಲಿ ಎದುರಿಗೇ ಕೂತಿದ್ದೀರಿ. ಹೆಗಲ ಮೇಲೆ ದೊಡ್ಡ ಬಿಲ್ಲು ಹೊತ್ತು ಊರೂರಿಗೆ ಹೋಗಿ, ಅಂಗಳದಲ್ಲಿ ಕೂತು ಟಂಯ್ ಟಂಯ್ ಎಂದು ಹತ್ತಿ ಹಿಂಜಿ, ಹಾಸಿಗೆ ರಜಾಯಿ ತುಂಬಿ ಕೊಡುತ್ತಿದ್ದ ಕಸುಬು. ಪೇಟೆಗೆ ಹತ್ತಿ ಹಿಂಜುವ ಮೆಷಿನ್ ಬಂತು. ಮೆಷಿನ್ ಕೊಳ್ಳಲು ಶಕ್ತಿ ಇದ್ದವರು ಅಂಗಡಿ ಹಾಕಿದರು, ಇಲ್ಲದವರು ಬಿಲ್ಲು ಅಟ್ಟಕ್ಕೆ ಹಾಕಿ ಕೂಲಿಗೆ ಹೋದರು. ಆಮೇಲೆ ಫೋಮ್ ಹಾಸಿಗೆ ಬಂದು ಅಂಗಡಿಯೂ ಸೊರಗಿತು. ಮೆಷಿನ್ ಯಾವ ಕಂಪನಿಯದು ಎಂಬುದು ಆ ಕಥೆಯಲ್ಲಿ ಯಾರಿಗೂ ನೆನಪಿಲ್ಲ. ಯಾರ ಹೆಸರಿನಲ್ಲಿತ್ತು ಎಂಬುದು ಮಾತ್ರ ಎಲ್ಲರಿಗೂ ನೆನಪಿದೆ.

ಯಾರ ಹೆಸರಿನಲ್ಲಿ ಎಂಬುದಕ್ಕೆ ಇನ್ನೊಂದು ಮುಖವಿದೆ. ಆ ಕುಟುಂಬ ಕೊಡಲು ಹೊರಟಿದ್ದ ಹಣದಲ್ಲಿ ಒಂದು ಭಾಗ ಝಕಾತ್. ಉಲಮಾಗಳನ್ನು ಕೇಳಿದೆವು. ಝಕಾತ್‌ನ ಹಣ ಹಕ್ಕುದಾರರ ಕೈಗೆ ಅವರ ಸ್ವಂತದ್ದಾಗಿ ಹೋಗಬೇಕು, ಅದಕ್ಕೆ ತಮ್ಲೀಕ್ ಎನ್ನುತ್ತಾರೆ. ಟ್ರಸ್ಟ್ ತನ್ನ ಹೆಸರಿನಲ್ಲಿ ಯಂತ್ರ ಇಟ್ಟುಕೊಂಡು, ಹೆಂಗಸರು ಬಂದು ಹೊಲಿದು ಹೋಗಲಿ ಎಂದರೆ ಅದು ತಮ್ಲೀಕ್ ಆಗುವುದಿಲ್ಲ. ಸಾಮಾನ್ಯ ಸದಖಾ ಹಣದಿಂದ ಕೊಳ್ಳಬಹುದು, ಅಡ್ಡಿಯಿಲ್ಲ. ಆದರೆ ಒಬ್ಬ ಬಡ ವಿಧವೆಗೆ ಒಂದು ಮೆಷಿನ್ ಕೊಟ್ಟು, ಇದು ನಿನ್ನದು, ಬೇಕಾದರೆ ಮಾರಿಕೋ ಎಂದರೆ ಝಕಾತ್ ಸಲ್ಲುತ್ತದೆ. ಇಲ್ಲಿಗೆ ನಮ್ಮ ಪಟ್ಟಿಯ ಉದ್ದ ಗೆರೆ ಅಡ್ಡ ಗೆರೆಗಳೆಲ್ಲ ಬೇರೆ ರೀತಿ ಕಾಣತೊಡಗಿದವು. ಗ್ಯಾಮಿಲ್ಲೋ ಬರ್ನಿನಾವೋ ಎಂದು ಯೋಚಿಸುತ್ತಿದ್ದವರು ಒಂದೋ ಹಲವೋ ಎಂದು ಯೋಚಿಸಬೇಕಾಯಿತು.

ಹೊಲಿಯುವವರನ್ನೇ ಕೇಳಲು ಮೂರೂ ಊರಿಗೆ ಹೋದೆವು. ಸಾಗರದವರು ದೊಡ್ಡ ಯಂತ್ರ ಬರಲಿ ಎಂದರು. ಕೇಂದ್ರ ಅವರ ಊರಿನಲ್ಲೇ ಇದೆಯಲ್ಲ! ತೀರ್ಥಹಳ್ಳಿಯವರು, ಬೆಳಿಗ್ಗೆ ಬಸ್ಸು ಹತ್ತಿ ಸಾಗರಕ್ಕೆ ಬಂದು ಹೊಲಿದು ಸಂಜೆ ಮನೆ ಸೇರುವುದು ಆಗದ ಮಾತು, ಬಸ್ ಚಾರ್ಜೇ ಕೂಲಿಯನ್ನು ತಿನ್ನುತ್ತದೆ ಎಂದರು. ಹೊಸನಗರದ ಒಬ್ಬ ತಾಯಿ ಕೇಳಿದ್ದು: ಕೋಣೆಯ ಕೀಲಿ ಯಾರ ಹತ್ತಿರ ಇರುತ್ತದೆ? ಇನ್ನೊಬ್ಬರು ಮೆಲ್ಲನೆ ಹೇಳಿದ ಮಾತು ನಮ್ಮನ್ನು ಹೆಚ್ಚು ಕಾಡಿತು. ಕಂಪ್ಯೂಟರ್ ಇರುವ ಯಂತ್ರವಾದರೆ ನಮ್ಮ ಕೈಲಿ ಆಗುವುದಿಲ್ಲ, ಹತ್ತನೇ ಕ್ಲಾಸಿನ ಮಗಳನ್ನು ಕಳಿಸಬೇಕಾಗುತ್ತದೆ ಎಂದರು. ಆ ಹುಡುಗಿ ನಮ್ಮ ವಿದ್ಯಾರ್ಥಿವೇತನದ ಪಟ್ಟಿಯಲ್ಲಿರುವವಳು. ಒಂದು ಕೈಯಲ್ಲಿ ಶುಲ್ಕ ಕಟ್ಟಿ ಇನ್ನೊಂದು ಕೈಯಲ್ಲಿ ಅವಳನ್ನು ಯಂತ್ರದ ಮುಂದೆ ನಿಲ್ಲಿಸುವುದಕ್ಕೆ ಟ್ರಸ್ಟ್ ಬೇಕೇ?

ಸಮಿತಿಯ ನಿರ್ಣಯ ಹೀಗಿದೆ, ಒಮ್ಮತದ್ದಲ್ಲ, ಬಹುಮತದ್ದು. ಲಾಂಗ್‌ಆರ್ಮ್ ಸದ್ಯಕ್ಕೆ ಬೇಡ. ಝಕಾತ್‌ನ ಭಾಗದಿಂದ ಅರ್ಹ ತಾಯಂದಿರಿಗೆ, ವಿದ್ಯಾರ್ಥಿವೇತನದ ಮಕ್ಕಳ ತಾಯಂದಿರಿಗೆ ಮೊದಲು, ಕಾಲು ಮೆಷಿನ್ ಅವರವರ ಸ್ವಂತಕ್ಕೆ. ಬಿಲ್ಲು ಅವರವರ ಹೆಸರಿನಲ್ಲೇ. ಸದಖಾದ ಭಾಗದಿಂದ ಪ್ರತಿ ಊರಿಗೆ ಒಂದೊಂದು ವಾಕಿಂಗ್ ಫುಟ್ ಇರುವ ದಪ್ಪ ಬಟ್ಟೆಯ ಮೆಷಿನ್. ಅದರಲ್ಲಿ ಮೇಲಿನ ಪಾದವೂ ಕೆಳಗಿನ ಹಲ್ಲೂ ಒಟ್ಟಿಗೆ ಬಟ್ಟೆ ಎಳೆಯುವುದರಿಂದ ಪದರ ಜಾರುವುದಿಲ್ಲ. ಮೋಟಾರು ಸರ್ವೋ ಇರಬೇಕು, ತುಳಿದಾಗ ಮಾತ್ರ ಕರೆಂಟು ಎಳೆಯುತ್ತದೆ, ಸದ್ದೂ ಕಡಿಮೆ. ಕಂಪನಿ ಯಾವುದಾದರೂ ಸರಿ, ಸಾಮಾನು ಶಿವಮೊಗ್ಗದಲ್ಲಿ ಸಿಗಬೇಕು ಎಂಬುದೊಂದೇ ಷರತ್ತು. ಮತ್ತೆ, ದರ್ಜಿ ಕೆಲಸದವರಿಗೆ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ಸಲಕರಣೆಗೆ 15,000 ರೂಪಾಯಿಯವರೆಗೆ ನೆರವಿದೆ, ಒಂದು ಕುಟುಂಬಕ್ಕೆ ಒಬ್ಬರಿಗೆ. ಅದನ್ನು ಪಡೆದವರು ನಮಗೆ ತಿಳಿಸಿ, ನಿಮ್ಮ ಪಾಲಿನ ಮೆಷಿನ್ ಇನ್ನೊಬ್ಬರಿಗೆ ಹೋಗಲಿ.

ವಿರೋಧಿಸಿದ ಇಬ್ಬರು ಸದಸ್ಯರ ಮಾತನ್ನೂ ಇಲ್ಲಿ ದಾಖಲಿಸಬೇಕು. ಬಡವರಿಗೆ ಯಾವಾಗಲೂ ಕಾಲು ಮೆಷಿನ್ನೇ ಏಕೆ, ದೊಡ್ಡ ಆರ್ಡರ್ ಬಂದರೆ ಕೈಸೂಜಿಯಿಂದ ಎಷ್ಟು ಗೋದಡಿ ಕೊಡುತ್ತೀರಿ ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನಮ್ಮಲ್ಲಿ ಪೂರ್ತಿ ಉತ್ತರವಿಲ್ಲ. ಅದಕ್ಕೇ ಸದ್ಯಕ್ಕೆ ಎಂಬ ಪದ ಸೇರಿಸಿದ್ದೇವೆ.

ದಾನಿ ಕುಟುಂಬಕ್ಕೆ ಇದನ್ನೆಲ್ಲ ಬರೆದೆವು. ಬೇಜಾರಾಗಬಹುದು ಎಂಬ ಅಂಜಿಕೆ ಇತ್ತು. ಆ ಸೊಸೆಯೇ ಉತ್ತರಿಸಿದರು: ಹಣ ಕಳಿಸುತ್ತೇವೆ, ಯಂತ್ರ ನಿಮ್ಮ ಇಷ್ಟ, ಆದರೆ ಮೊದಲು ಮುಗಿಯುವ ಗೋದಡಿ ನಮಗೆ ಬೇಕು, ಬೆಲೆ ಕೊಟ್ಟೇ ತೆಗೆದುಕೊಳ್ಳುತ್ತೇವೆ.

ಅರ್ಜಿ ನಮೂನೆ ಬಾಗಿಲ ಬಳಿಯ ಮೇಜಿನ ಮೇಲಿದೆ. ಬರೆಯಲು ಬಾರದ ತಾಯಂದಿರಿಗೆ ನಾವೇ ತುಂಬಿಕೊಡುತ್ತೇವೆ, ಊಟ ಮುಗಿಸಿ ಬನ್ನಿ. ಹಳೆಯ ಹತ್ತಿ ಸೀರೆ, ಲುಂಗಿ ಇದ್ದವರು ತೊಳೆದು ಒಣಗಿಸಿ ತಂದುಕೊಡಿ. ನೈಲೆಕ್ಸ್ ಬೇಡ, ಸೂಜಿ ಜಾರುತ್ತದೆ.