ಹೆಪ್ಪಿನ ಬ್ಯಾಕ್ಟೀರಿಯಾ ಮತ್ತು ಕ್ಯಾನ್ಸರ್: ಎಷ್ಟು ನಂಬಬೇಕು?

(ಮಹಿಳಾ ವಿಭಾಗದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಎಷ್ಟು ವರ್ಷವಾದರೂ ರಾತ್ರಿ ಹಾಲಿಗೆ ಹೆಪ್ಪು ಹಾಕುವುದನ್ನು ನಾವು ಬಿಟ್ಟಿಲ್ಲ. ಆ ಒಂದು ಚಮಚ ಹೆಪ್ಪಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಿರುತ್ತವೆ. ಇಂಥ ಬ್ಯಾಕ್ಟೀರಿಯಾಗಳಲ್ಲಿ ಕೆಲವು, ತಮ್ಮ ಜಾಗಕ್ಕೆ ಬೇರೆಯವು ನುಗ್ಗದಂತೆ, ಪೆಪ್ಟೈಡ್ ಎಂಬ ಪುಟ್ಟ ಪ್ರೋಟೀನ್ ತುಣುಕುಗಳನ್ನು ಹೊರಬಿಡುತ್ತವೆ. ಅವುಗಳಲ್ಲಿ ಹೆಸರಾದದ್ದು ನೈಸಿನ್. ಇದನ್ನು ತಯಾರಿಸುವುದು ಲ್ಯಾಕ್ಟೋಕಾಕಸ್ ಲ್ಯಾಕ್ಟಿಸ್ ಎಂಬ ಹಾಲಿನ ಬ್ಯಾಕ್ಟೀರಿಯಾ. ಚೀಸ್ ಕೆಡದಂತೆ ದಶಕಗಳಿಂದ ಇದನ್ನು ಬಳಸುತ್ತಿದ್ದಾರೆ. ಪ್ಯಾಕೆಟ್ ಮೇಲೆ 234 ಎಂಬ ಸಂಖ್ಯೆ ಕಂಡರೆ ಅದು ಇದೇ.

ಕ್ಯಾನ್ಸರಿಗೂ ಇದಕ್ಕೂ ಏನು ಸಂಬಂಧ? ಕ್ಯಾನ್ಸರ್ ಕೋಶದ ಹೊರಪೊರೆಯಲ್ಲಿ ಋಣ ವಿದ್ಯುದಂಶ ಸಾಮಾನ್ಯ ಕೋಶಕ್ಕಿಂತ ಹೆಚ್ಚು. ಇಂಥ ಪೆಪ್ಟೈಡ್‌ಗಳಲ್ಲಿ ಹೆಚ್ಚಿನವುಗಳದ್ದು ಧನ ವಿದ್ಯುದಂಶ. ಹೀಗಾಗಿ ಅವು ಕ್ಯಾನ್ಸರ್ ಕೋಶಕ್ಕೆ ಅಂಟಿಕೊಂಡು ಪೊರೆಯನ್ನು ಕೆಡಿಸಬಲ್ಲವು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2012 ಮತ್ತು 2015ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ನೈಸಿನ್ ಕೊಟ್ಟ ಇಲಿಗಳಲ್ಲಿ ತಲೆ-ಕುತ್ತಿಗೆ ಭಾಗದ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆ ತಗ್ಗಿತು.

ಇಷ್ಟು ಕೇಳಿದ ಕೂಡಲೇ ವಾಟ್ಸಾಪ್‌ನಲ್ಲಿ "ಮೊಸರು ತಿನ್ನಿ, ಕ್ಯಾನ್ಸರ್ ಓಡಿಸಿ" ಎಂದು ಬರುತ್ತದೆ. ದಯವಿಟ್ಟು ಅದನ್ನು ಮುಂದಕ್ಕೆ ಕಳಿಸಬೇಡಿ. 2015ರ ಅಧ್ಯಯನದಲ್ಲಿ ಇಲಿಗೆ ಕೊಟ್ಟದ್ದು ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 800 ಮಿಲಿಗ್ರಾಂವರೆಗೆ ಶುದ್ಧೀಕರಿಸಿದ ನೈಸಿನ್. ಯಾವ ಬಟ್ಟಲು ಮೊಸರಿನಲ್ಲೂ ಅಷ್ಟಿರುವುದಿಲ್ಲ. ಎಲ್ಲ ಹೆಪ್ಪಿನಲ್ಲೂ ನೈಸಿನ್ ಇರುತ್ತದೆ ಎಂದೂ ಇಲ್ಲ. ಇಲಿಯಲ್ಲಿ ಫಲ ಕೊಟ್ಟದ್ದೆಲ್ಲ ಮನುಷ್ಯರಲ್ಲಿ ಕೊಡುವುದಿಲ್ಲ.

ಪ್ರಯೋಗಾಲಯದಿಂದ ರೋಗಿಯ ತನಕದ ದಾರಿ ಹೇಗಿರುತ್ತದೆಂಬುದಕ್ಕೆ ನಮ್ಮ ಹತ್ತಿರದಲ್ಲೇ ಉದಾಹರಣೆಯಿದೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಕೇಂದ್ರದವರು ರೂಪಿಸಿದ ಕಾರ್-ಟಿ ಚಿಕಿತ್ಸೆಯನ್ನು ಮೊದಲ ರೋಗಿಗೆ ಕೊಟ್ಟದ್ದು 2021ರಲ್ಲಿ, ಖಾರ್ಘರ್‌ನ ಆಕ್ಟ್ರೆಕ್‌ನಲ್ಲಿ. ಹಲವು ರೋಗಿಗಳಲ್ಲಿ ಪರೀಕ್ಷಿಸಿದ ಮೇಲೆ 2023ರಲ್ಲಿ ಅನುಮತಿ ಸಿಕ್ಕಿತು. ನೈಸಿನ್ ಕೂಡ ಅದೇ ದಾರಿಯಲ್ಲಿ ನಡೆದು ಬರಬೇಕು. ಅದು ಬರುವವರೆಗೆ ಡಾಕ್ಟರು ಹೇಳಿದ ಕೀಮೋವನ್ನು ಮೊಸರಿನ ಭರವಸೆಯ ಮೇಲೆ ಯಾರೂ ನಿಲ್ಲಿಸಬಾರದು. ಕೀಮೋ ನಡೆಯುವಾಗ ಬಿಳಿ ರಕ್ತಕಣ ಕಡಿಮೆಯಾಗಿರುತ್ತದೆ. ಆಗ ಪ್ರೋಬಯಾಟಿಕ್ ಮಾತ್ರೆಯಿಂದಲೂ ಸೋಂಕು ತಗಲಬಹುದು. ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಿ.

ಇಲಿಗಳಲ್ಲಿ ಪರೀಕ್ಷಿಸಿದ್ದು ಬಾಯಿಯೂ ಸೇರುವ ಭಾಗದ ಕ್ಯಾನ್ಸರ್. ಅದನ್ನು ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಹೊಗೆಸೊಪ್ಪು, ಇಲ್ಲಿ ಹಲವರು ಹಲ್ಲಿಗೆ ತಿಕ್ಕುವ ಮಿಶ್ರಿ, ಗುಟ್ಕಾ ಎಲ್ಲವೂ ಅಪಾಯ. ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಹೇಳಿದೆ. ಬಾಯಲ್ಲಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಎರಡು ಮೂರು ವಾರವಾದರೂ ಮಾಯದಿದ್ದರೆ, ಬಾಯಿ ತೆರೆಯುವುದು ಕಷ್ಟವಾದರೆ ಕೂಡಲೇ ತೋರಿಸಿ. ಮನೆಯವರನ್ನೂ ಕರೆದುಕೊಂಡು ಹೋಗಿ.

ಮೊಸರನ್ನು ಊಟವಾಗಿ ಸಂತೋಷದಿಂದ ಉಣ್ಣೋಣ. ಔಷಧಿಯನ್ನು ಡಾಕ್ಟರ ಕೈಯಿಂದಲೇ ಪಡೆಯೋಣ.