ಬೋರ್ಡು ಇದೆ, ಅಂಗಡಿ ಇಲ್ಲ



ಹೊಸ ಜಾಗಕ್ಕೆ ಹೋದರೆ ನಮ್ಮ ಹಿರಿಯರು ಬೀಡಾ ಅಂಗಡಿಯವನ ಹತ್ತಿರ ವಿಚಾರಿಸುತ್ತಿದ್ದರು. ಯಾರು ಒಳ್ಳೆಯ ಡಾಕ್ಟರು, ಯಾರ ರಿಪೇರಿ ಚೆನ್ನಾಗಿರುತ್ತದೆ ಅಂತ ಅವನಿಗೆ ಗೊತ್ತಿರುತ್ತಿತ್ತು. ಈಗ ನಾವು ಫೋನನ್ನು ವಿಚಾರಿಸುತ್ತೇವೆ. ಅದು ನಕ್ಷೆ ತೆರೆದು ಕೆಂಪು ಚುಕ್ಕೆ ತೋರಿಸಿ ‘ಇಲ್ಲಿದೆ’ ಅನ್ನುತ್ತದೆ, ನಾವು ನಂಬುತ್ತೇವೆ. ನಾನೂ ನಂಬಿದೆ. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ಕಳೆದ ಮೇ ತಿಂಗಳು, ಮುಂಬಯಿಯ ಸೆಕೆ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯ ಫ್ರಿಜ್ಜು ತಣ್ಣಗಾಗುವುದನ್ನು ನಿಲ್ಲಿಸಿತ್ತು. ಒಳಗೆ ಹಾಲು, ಮಾವಿನ ಹಣ್ಣು ಇದ್ದವು, ಹೋದರೆ ಹೋಗಲಿ. ಆದರೆ ಅತ್ತೆಯವರ ಇನ್ಸುಲಿನ್ನೂ ಅದರಲ್ಲೇ ಇತ್ತು. ಅದನ್ನು ಪಕ್ಕದ ಮನೆಯ ಆಯಿಯ ಫ್ರಿಜ್ಜಿನಲ್ಲಿಟ್ಟು ಗಡಿಬಿಡಿಯಲ್ಲಿ ನಕ್ಷೆ ತೆರೆದೆ. ನಮ್ಮ ಮುಲುಂಡ್ ಸುತ್ತಮುತ್ತ ಅದೇ ಕಂಪನಿಯ ‘ಅಧಿಕೃತ ಸೇವಾ ಕೇಂದ್ರ’ಗಳು ಒಂದಲ್ಲ, ಐದು! ಹತ್ತಿರದ್ದಕ್ಕೆ ಫೋನ್ ಮಾಡಿದೆ. ಒಂದೇ ಗಂಟೆಯಲ್ಲಿ ಹುಡುಗ ಬಂದ. ಹಿಂದಿನಿಂದ ಏನನ್ನೋ ಬಿಚ್ಚಿದ, ‘ಇದು ಹೋಗಿದೆ, ಸೆಂಟರಿಗೆ ಒಯ್ಯಬೇಕು’ ಅಂದ, 1,800 ರೂಪಾಯಿ ಮುಂಗಡ ತಗೊಂಡ. ಹೋದವನು ಹೋದ. ಮರುದಿನದಿಂದ ಆ ನಂಬರಿಗೆ ಉತ್ತರವೇ ಇಲ್ಲ.

ಮೂರನೆಯ ದಿನ ನಕ್ಷೆಯಲ್ಲಿದ್ದ ವಿಳಾಸ ಹಿಡಿದು ಭಾಂಡುಪಿಗೆ ಹೋದೆ. ಅಲ್ಲಿದ್ದದ್ದು ಒಂದು ಪುಟ್ಟ ದರ್ಜಿ ಅಂಗಡಿ. ‘ಅಯ್ಯೋ ದೇವರೇ, ಮೋಸ ಹೋದೆನಲ್ಲ’ ಎಂದು ನನ್ನಷ್ಟಕ್ಕೆ ಅಂದುಕೊಂಡದ್ದು ಒಳಗಿದ್ದವರ ಕಿವಿಗೆ ಬಿತ್ತು. ‘ಕನ್ನಡದವ್ರೇನ್ರೀ ಅಕ್ಕಾ? ಬರ್ರಿ, ಕುಂದರ್ರಿ’ ಅಂದರು. ವಿಜಯಪುರದ ಕಡೆಯವರು. ನೀರು ಕೊಟ್ಟು ಹೇಳಿದರು: ‘ಈ ತಿಂಗಳದಾಗ ನೀವು ನಾಕನೇದವ್ರು. ಮೊದಲ ಬಂದವ್ರು ನನ್ನ ಕಾಲರ್ ಹಿಡದಿದ್ರು. ಹದಿನೆಂಟು ವರ್ಷಾತ್ರಿ ಇಲ್ಲೇ ಮಷಿನ್ ತುಳಿಯಾಕತ್ತು. ಫೋನಿನ್ಯಾಗ ನನ್ನ ಅಂಗಡಿ ಇಲ್ಲ. ಇಲ್ಲದ ಅಂಗಡಿ ಐತಿ!’

ಕೇಳುಗರೇ, ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ನನ್ನದು 1,800 ರೂಪಾಯಿ ಹೋಯಿತು. ಅವರ ಹೋಗುತ್ತಿದ್ದದ್ದು ಹದಿನೆಂಟು ವರ್ಷ ದುಡಿದು ಸಂಪಾದಿಸಿದ ಹೆಸರು.

ಇದು ಹೇಗೆ ನಡೆಯುತ್ತದೆ? ಬೀದಿಯಲ್ಲಿ ಬೋರ್ಡು ಹಾಕಬೇಕಾದರೆ ಬಾಡಿಗೆ, ಡಿಪಾಸಿಟ್ಟು, ಲೈಸೆನ್ಸು ಎಲ್ಲ ಬೇಕು. ನಕ್ಷೆಯಲ್ಲಿ ಹೆಸರು ಸೇರಿಸುವುದಕ್ಕೆ ದುಡ್ಡಿಲ್ಲ. ಸಣ್ಣ ವ್ಯಾಪಾರಿಗೆ ಅನುಕೂಲವಾಗಲಿ ಅಂತ ಮಾಡಿದ ಸೌಲಭ್ಯ ಅದು. ಮೊದಮೊದಲು ಗೂಗಲ್‌ನವರು ಅಂಗಡಿಯ ವಿಳಾಸಕ್ಕೆ ಅಂಚೆಯಲ್ಲಿ ಒಂದು ಕಾರ್ಡು ಕಳಿಸುತ್ತಿದ್ದರು, ಅದರಲ್ಲಿದ್ದ ಗುಟ್ಟಿನ ಸಂಖ್ಯೆ ಹೇಳಿದರೆ ಅಂಗಡಿ ನಿಜ ಎಂಬ ಲೆಕ್ಕ. ರಂಗೋಲಿಯ ಕೆಳಗೆ ನುಸುಳುವವರಿಗೆ ಅದೇನು ಕಷ್ಟ? ಒಬ್ಬನೇ ಮನುಷ್ಯ ಹತ್ತು ಬಡಾವಣೆಗಳಲ್ಲಿ ಹತ್ತು ಹೆಸರಿಟ್ಟು, ಬಂದ ಕರೆಗಳನ್ನು ಯಾರು ಯಾರಿಗೋ ಮಾರುತ್ತಾನೆ. ಅಮೆರಿಕದಲ್ಲಿ ಬೀಗ ತೆಗೆಯುವವರ ಹೆಸರಿನಲ್ಲಿ ಈ ದಂಧೆ ದೊಡ್ಡದಾಗಿ ಬೆಳೆದಿತ್ತು. ಮನೆಯ ಹೊರಗೆ ಸಿಕ್ಕಿಬಿದ್ದವರು ವಿಚಾರ ಮಾಡುತ್ತ ಕೂರುವುದಿಲ್ಲ ನೋಡಿ, ನನ್ನ ಇನ್ಸುಲಿನ್ ಗಡಿಬಿಡಿಯ ಹಾಗೆಯೇ.

2014ರಲ್ಲಿ ಬ್ರಯನ್ ಸೀಲಿ ಎಂಬ ಅಮೆರಿಕದವನು ಈ ಲೋಪ ತೋರಿಸಲು ಒಂದು ಸಾಹಸವನ್ನೇ ಮಾಡಿದ. ಅಲ್ಲಿನ ಎಫ್‌ಬಿಐ ಮತ್ತು ಸೀಕ್ರೆಟ್ ಸರ್ವಿಸ್ ಕಚೇರಿಗಳ ಹೆಸರಿನಲ್ಲಿ ನಕ್ಷೆಯಲ್ಲಿ ತನ್ನದೇ ನಂಬರು ಹಾಕಿದ. ಜನ ಕರೆ ಮಾಡಿದರು. ಅವನು ಅವನ್ನು ನಿಜವಾದ ಕಚೇರಿಗೆ ದಾಟಿಸುತ್ತ ರೆಕಾರ್ಡ್ ಮಾಡಿಕೊಂಡ, ಆಮೇಲೆ ತಾನೇ ಹೋಗಿ ಅಧಿಕಾರಿಗಳಿಗೆ ತಿಳಿಸಿದ. ಗೂಢಚಾರರ ಮನೆಗೇ ಕನ್ನ!

ನಮ್ಮ ರಾಜ್ಯದಲ್ಲೇ 2018ರಲ್ಲಿ ಇನ್ನೂ ಕೆಟ್ಟದ್ದು ನಡೆಯಿತು. ನಕ್ಷೆಯಲ್ಲಿದ್ದ ಬ್ಯಾಂಕ್ ಆಫ್ ಇಂಡಿಯಾದ ಶಾಖೆಗಳ ಫೋನ್ ನಂಬರನ್ನು ಮೋಸಗಾರರು ತಿದ್ದಿ ತಮ್ಮದನ್ನು ಹಾಕಿದ್ದರು. ಬ್ಯಾಂಕಿನವರೇ ಅಂದುಕೊಂಡು ಗ್ರಾಹಕರು ಕಾರ್ಡಿನ ಗುಟ್ಟು ಹೇಳಿ ಹಣ ಕಳೆದುಕೊಂಡರು. ದೂರು ಮಹಾರಾಷ್ಟ್ರದ ಸೈಬರ್ ಪೊಲೀಸರವರೆಗೆ ಹೋಯಿತು. ಶಾಖೆ ನಿಜ, ವಿಳಾಸ ನಿಜ, ನಂಬರು ಮಾತ್ರ ಸುಳ್ಳು.

2019ರ ಜೂನ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಪ್ರಕಟಿಸಿದ ತಜ್ಞರ ಅಂದಾಜಿನಂತೆ ಗೂಗಲ್ ನಕ್ಷೆಯಲ್ಲಿದ್ದ ಸುಳ್ಳು ಅಂಗಡಿಗಳು ಸುಮಾರು 1 ಕೋಟಿ 10 ಲಕ್ಷ. 2018ರ ಒಂದೇ ವರ್ಷ 30 ಲಕ್ಷಕ್ಕೂ ಹೆಚ್ಚು ಸುಳ್ಳು ಹೆಸರುಗಳನ್ನು ತೆಗೆದಿದ್ದೇವೆ ಎಂದು ಗೂಗಲ್ ಹೇಳಿತು. ಕಳೆ ಕೀಳುವವರಿದ್ದಾರೆ, ಬಿತ್ತುವವರೂ ಇದ್ದಾರೆ.

ಹಾಗಾದರೆ ನಾವೇನು ಮಾಡಬೇಕು? ರಿಪೇರಿಗೆ ಕರೆಯುವ ಮೊದಲು ವಾರಂಟಿ ಕಾರ್ಡು, ಬಿಲ್ಲು, ಯಂತ್ರದ ಹಿಂದಿನ ಚೀಟಿ ನೋಡಿ. ಬ್ಯಾಂಕಿಗಾದರೆ ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ಇರುವ ನಂಬರಿಗೇ ಫೋನ್ ಮಾಡಿ. ಕಂಪನಿಗಳ ಹೆಸರು, ಬಡಾವಣೆ, ‘ರಿಪೇರಿ’, ‘ಸರ್ವೀಸ್’ ಎಲ್ಲವನ್ನೂ ಪೋಣಿಸಿದ ಉದ್ದದ ಹೆಸರಿದ್ದರೆ ಅನುಮಾನ ಪಡಿ. ಅಂಗಡಿಯ ನಿಜವಾದ ಫೋಟೋ ಇದೆಯೇ, ಹೊಗಳಿಕೆಗಳೆಲ್ಲ ಒಂದೇ ವಾರದಲ್ಲಿ ಬಂದವೇ, ಗಮನಿಸಿ. ಚೀಟಿ ಬರೆಸಿಕೊಳ್ಳದೆ ಬಿಡಿಭಾಗ ಹೊರಗೆ ಬಿಡಬೇಡಿ. ಓಟಿಪಿ ಅಂತೂ ಯಾರಿಗೂ ಬೇಡ. ಮೋಸವಾದರೆ ನಾಚಿಕೆಯಿಂದ ಸುಮ್ಮನಿರದೆ ತಕ್ಷಣ ಬ್ಯಾಂಕಿಗೂ ಸೈಬರ್ ಸಹಾಯವಾಣಿ 1930ಕ್ಕೂ ತಿಳಿಸಿ. ಸುಳ್ಳು ಅಂಗಡಿ ಕಂಡರೆ ‘ಇದು ಇಲ್ಲಿ ಇಲ್ಲ’ ಎಂದು ನಕ್ಷೆಯಲ್ಲೇ ದೂರು ಕೊಡಬಹುದು, ಎರಡು ನಿಮಿಷದ ಕೆಲಸ.

ಅಂಗಡಿ, ಹೋಟೆಲು, ಖಾನಾವಳಿ ನಡೆಸುವ ನಮ್ಮವರಿಗೆ ಇನ್ನೊಂದು ಮಾತು. ನಕ್ಷೆಯಲ್ಲಿ ನಿಮ್ಮ ಹೆಸರನ್ನು ನೀವೇ ದಾಖಲಿಸಿಕೊಳ್ಳಿ, ನಂಬರು ಸರಿಯಿದೆಯೇ ಅಂತ ಆಗಾಗ ನೋಡುತ್ತಿರಿ. ಅದಕ್ಕೆ ಶುಲ್ಕವಿಲ್ಲ. ‘ಗೂಗಲ್‌ನಿಂದ ಮಾತಾಡುತ್ತಿದ್ದೇವೆ, ಹೆಸರು ಉಳಿಯಬೇಕಾದರೆ ಹಣ ಕಟ್ಟಿ’ ಅಂದರೆ ಫೋನ್ ಇಟ್ಟುಬಿಡಿ.

ಆ ದರ್ಜಿ ಅಣ್ಣನ ಅಂಗಡಿಯನ್ನು ನಾವಿಬ್ಬರೂ ಕೂತು ನಕ್ಷೆಗೆ ಸೇರಿಸಿದೆವು. ಈಗ ವಿಡಿಯೋ ಕೇಳುತ್ತಾರೆ: ಬೀದಿ, ಬೋರ್ಡು, ಬೀಗ ತೆಗೆದು ಶಟರ್ ಎತ್ತುವುದು. ಅಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು! ಸುಳ್ಳು ಸೇವಾ ಕೇಂದ್ರದ ಮೇಲೂ ದೂರು ಕೊಟ್ಟೆವು, ಅದು ಹೋಯಿತು. ತಿಂಗಳಾಗುವಷ್ಟರಲ್ಲಿ ಅದೇ ನಂಬರು ಬೇರೆ ಹೆಸರು ಹೊತ್ತು ಪಕ್ಕದ ಬೀದಿಯಲ್ಲಿ ಎದ್ದಿತು. ಮತ್ತೆ ದೂರು ಕೊಟ್ಟೆವು. ನನ್ನ 1,800 ರೂಪಾಯಿ ಮಾತ್ರ ಬರಲಿಲ್ಲ.

ಫ್ರಿಜ್ಜು ಸರಿ ಮಾಡಿದವರು ಯಾರು ಗೊತ್ತೇ? ಪಕ್ಕದ ಮನೆಯ ಆಯಿ ಹೇಳಿದ ರಿಪೇರಿಯವರು. ಅವರ ಹೆಸರು ಯಾವ ನಕ್ಷೆಯಲ್ಲೂ ಇಲ್ಲ. ಅದಕ್ಕೇ ಹೇಳುವುದು, ಫೋನನ್ನು ಕೇಳಿ, ಆದರೆ ಒಮ್ಮೆ ಪಕ್ಕದ ಮನೆಯವರನ್ನೂ ಕೇಳಿ.