ಬೇಸಿಗೆಯ ಕೆರೆಗೆ ಯಾವ ಎರೆ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಸೇರಿದ್ದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಲ, ಗೊಬ್ಬರ, ಕೊಬ್ಬರಿ ಧಾರಣೆ ಇವುಗಳ ಮೇಲೆ ಮಾತು ನಡೆಯಬೇಕಾದ ವೇದಿಕೆಯಲ್ಲಿ ಗಾಳದ ವಿಷಯ ಹೇಳಿ ಅಂತ ನಮಗೆ ಅಪ್ಪಣೆಯಾಗಿದೆ. ಸಭೆಯಲ್ಲಿ ಮೀನು ಮುಟ್ಟದ ಮನೆಯವರು ಬಹಳ ಜನ ಇದ್ದೀರಿ ಅನ್ನೋದು ನಮಗೆ ಗೊತ್ತು. ನೀವು ಇದನ್ನು ಮೀನಿನ ಮಾತು ಅಂದುಕೊಳ್ಳಬೇಡಿ, ಕೆರೆಯ ಮಾತು ಅಂದುಕೊಂಡು ಕೇಳಿ. ಹಾರನಹಳ್ಳಿಯವರಿಗೆ ಕೆರೆ ಹೊಸದಲ್ಲ. ನಮ್ಮ ಕೋಡಿಮಠದ ಹೆಸರಿನಲ್ಲೇ ಕೋಡಿ ಇದೆ. ತಾಲ್ಲೂಕಿನ ಹೆಸರಿನಲ್ಲೇ ಕೆರೆ ಇದೆ, ಅದೂ ಅರಸಿಯ ಕೆರೆ. 1235ರಲ್ಲಿ ಲಕ್ಷ್ಮೀನರಸಿಂಹನ ಗುಡಿ ಕಟ್ಟಿದ ಹೊಯ್ಸಳರ ಕಾಲದವರು ಕೆರೆ ಕಟ್ಟುವುದರಲ್ಲೂ ಹಿಂದೆ ಬಿದ್ದವರಲ್ಲ.

ಯುಗಾದಿ ಕಳೆದು ನೀರು ಇಳಿಯುತ್ತಾ ಬಂದ ಹಾಗೆ ಏರಿಯ ಮೇಲೆ ಗಾಳದವರು ಹೆಚ್ಚಾಗುತ್ತಾರೆ. ಮೊದಲು ಒಂದು ಬಿದಿರು ಕೋಲು, ತಂಗೂಸಿ ದಾರ, ಜೋಳದ ದಂಟಿನ ಬೆಂಡು, ತೆಂಗಿನ ಗರಟದಲ್ಲಿ ಎರೆಹುಳು ಇದ್ದರೆ ಮುಗಿಯಿತು. ಈಗ ಹುಡುಗರ ಕೈಯಲ್ಲಿ ರೀಲು ಬಂದಿದೆ, ಡಬ್ಬಿ ತುಂಬ ಬಣ್ಣಬಣ್ಣದ ಹುಸಿ ಎರೆ ಬಂದಿದೆ. ರಬ್ಬರ್ ಕಪ್ಪೆ, ಪ್ಲಾಸ್ಟಿಕ್ ಮೀನು, ತಿರುಗುವ ತಗಡು, ಹೊಳೆಯುವ ಚಮಚ. ಒಂದೊಂದಕ್ಕೆ ಇನ್ನೂರು ಮುನ್ನೂರು ರೂಪಾಯಿ. "ಇದಕ್ಕೆ ಮೀನು ಬೀಳುತ್ತಾ?" ಅಂತ ಹಿರಿಯರು ಕೇಳುತ್ತಾರೆ. ಬೀಳುತ್ತದೆ. ಆದರೆ ಯಾವ ಮೀನು, ಯಾಕೆ ಬೀಳುತ್ತದೆ ಅಂತ ತಿಳಿಯದೆ ಡಬ್ಬಿ ಕೊಂಡರೆ ಆ ದುಡ್ಡು ಜೊಂಡಿನ ಬುಡ ಸೇರುತ್ತದೆ.

ಮೊದಲು ಒಂದು ಭ್ರಮೆ ಬಿಡಿಸಿಬಿಡುತ್ತೇವೆ. ಕೆರೆಗೆ ಬಿತ್ತನೆ ಮಾಡುವ ಕಾಟ್ಲಾ, ರೋಹು, ಮೃಗಾಲ್ ಈ ಮೂರಕ್ಕೆ ಹುಸಿ ಎರೆ ಹಾಕುವುದು ವ್ಯರ್ಥ. ಕಾಟ್ಲಾ ಮೇಲ್ಮುಖದ ಬಾಯಿಯದು, ನೀರಿನ ಮೇಲ್ಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು, ಮೃಗಾಲ್ ತಳದ್ದು. ಓಡುವ ಬೇಟೆಯನ್ನು ಅಟ್ಟಿಕೊಂಡು ಹೋಗುವ ಜಾತಿಯಲ್ಲ ಇವು. ಇವಕ್ಕೆ, ಹಾಗೂ ತಳ ಕೆದಕುವ ಸಾಮಾನ್ಯ ಗೆಂಡೆಗೆ, ನಮ್ಮ ಅಡುಗೆ ಮನೆಯ ಎರೆಯೇ ಸರಿ: ರಾಗಿ ಮುದ್ದೆ, ಕಡಲೆಕಾಯಿ ಹಿಂಡಿ, ನಮ್ಮ ಸೀಮೆಗೆ ತಕ್ಕ ಕೊಬ್ಬರಿ ಹಿಂಡಿ. ಮುದ್ದೆ ಗಟ್ಟಿಯಾಗಿ ಬೆಂದಿರಬೇಕು, ಇಲ್ಲದಿದ್ದರೆ ನೀರಿನಲ್ಲಿ ಕರಗಿ ಗಾಳ ಬರಿದಾಗುತ್ತದೆ. ರಾಗಿ ಅಂದರೆ ಮೂಗು ಮುರಿಯಬೇಡಿ. ಕಾವೇರಿಯ ಬಿಳಿಮೀನು, ಅಂದರೆ ಮಹಶೀರ್, ಹಿಡಿಯಲು ದೇಶ ವಿದೇಶದಿಂದ ಭೀಮೇಶ್ವರಿ, ಗಾಲಿಬೋರೆಗೆ ಬರುತ್ತಿದ್ದ ದೊರೆಗಳೂ ಗಾಳಕ್ಕೆ ಹಚ್ಚುತ್ತಿದ್ದುದು ನಮ್ಮ ರಾಗಿ ಮುದ್ದೆಯನ್ನೇ. ಆ ಮೀನು ಹೊಳೆಯುವ ಚಮಚಕ್ಕೂ ಬೀಳುತ್ತದೆ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ 'ದಿ ರಾಡ್ ಇನ್ ಇಂಡಿಯಾ' ಇಡೀ ಪುಸ್ತಕ ಇಂಥ ಗಾಳದ ವಿದ್ಯೆಯೇ. 1946ರ ಮಾರ್ಚಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ 120 ಪೌಂಡಿನ, ನಮ್ಮ ಲೆಕ್ಕದಲ್ಲಿ 54 ಕೆಜಿಯ, ಬಿಳಿಮೀನು ಹಿಡಿದರು. ಇವತ್ತು ಆ ಕಾವೇರಿಯ ದೊಡ್ಡ ಜಾತಿ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಅದನ್ನು ಅತಿ ಅಪಾಯದ ಪಟ್ಟಿಗೆ ಸೇರಿಸಿದರು. ನಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ದೇವರ ಮೀನು ಅಂತ ಪುರಿ ಹಾಕಿ ಕೈಮುಗಿಯುತ್ತೇವಲ್ಲ, ಅಲ್ಲಿ ನೋಡಿ ಬನ್ನಿ.

ಇನ್ನು ಹುಸಿ ಎರೆ ಯಾರಿಗೆ? ನಮ್ಮ ಕೆರೆಯಲ್ಲಿ ಅದಕ್ಕೆ ಒಬ್ಬನೇ ಯಜಮಾನ, ಕೊರವ. ಕೆಲವರು ಕುಚ್ಚುಮೀನು ಅನ್ನುತ್ತಾರೆ. ಹಾವಿನ ತಲೆಯ ಹಾಗೆ ತಲೆ, ಮೈಗೆ ಕೆಸರಿನ ಬಣ್ಣ. ಇದು ಗಾಳಿ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ತಗೊಂಡು ಹೋಗಲೇಬೇಕು. ಅದಕ್ಕೇ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಬಿತ್ತನೆಯ ಮೀನುಗಳೆಲ್ಲ ಬೆಳ್ಳಗೆ ತೇಲಿದರೂ ಕೊರವ ಕೆಸರಿನಲ್ಲಿ ಹುದುಗಿ ಉಳಿದುಕೊಳ್ಳುತ್ತದೆ. ಬರಗಾಲದ ಸೀಮೆಗೆ ಹೇಳಿ ಮಾಡಿಸಿದ ಮೀನು ಅಂದರೂ ಸರಿ. ದುಡ್ಡು ಕೊಟ್ಟು ಬಿಡಬೇಕಾಗಿಲ್ಲ, ತಾನಾಗಿ ಇರುತ್ತದೆ, ಇರಗೊಟ್ಟರೆ.

ಕೊರವ ಹೊಂಚು ಹಾಕುವ ಮೀನು. ಜೊಂಡು, ತಾವರೆ ಎಲೆ, ಅಂತರಗಂಗೆಯ ನೆರಳಿನಲ್ಲಿ ಅಲ್ಲಾಡದೆ ಕೂತು, ಮೇಲೆ ಕಪ್ಪೆ ಹಾರಿದ ಸದ್ದಿಗೆ ನುಗ್ಗುತ್ತದೆ. ಕಣ್ಣಿಂದಲೂ ನೋಡುತ್ತದೆ, ಮೈಯ ಪಕ್ಕದ ಗೆರೆಯಿಂದ ನೀರಿನ ಅದುರು ಕೂಡ ತಿಳಿಯುತ್ತದೆ. ಎರೆ ಆಯ್ಕೆಯ ಗುಟ್ಟೆಲ್ಲ ಈ ಮಾತಿನಲ್ಲಿದೆ. ಜೊಂಡಿನ ಮೇಲೆ ಎಳೆಯಬೇಕಾದರೆ ಟೊಳ್ಳು ಹೊಟ್ಟೆಯ ರಬ್ಬರ್ ಕಪ್ಪೆ. ಅದರ ಕೊಕ್ಕೆಯ ಎರಡು ಮೊನೆಯೂ ಬೆನ್ನಿಗೆ ಅಂಟಿಕೊಂಡಿರುತ್ತವೆ, ಗಿಡಕ್ಕೆ ಸಿಕ್ಕಿಕೊಳ್ಳುವುದಿಲ್ಲ. ಮೀನು ಕಚ್ಚಿ ಹೊಟ್ಟೆ ಅಮುಕಿದಾಗ ಮಾತ್ರ ಮೊನೆ ಹೊರಗೆ ಬರುತ್ತದೆ. ಬಯಲು ನೀರಿದ್ದರೆ, ಅದರಲ್ಲೂ ಕೆಂಪು ನೀರಿದ್ದರೆ, ತಿರುಗುವ ತಗಡು ಮೇಲು. ಕಣ್ಣಿಗೆ ಕಾಣದಿದ್ದರೂ ಅದುರು ಮುಟ್ಟುತ್ತದೆ. ತಿಳಿನೀರಿಗೆ ಕಪ್ಪೆಯ ಸಹಜ ಬಣ್ಣ, ಕಂದು, ಹಸಿರು. ಮಬ್ಬು ನೀರಿಗೆ, ಸಂಜೆಗತ್ತಲಿಗೆ ಕಪ್ಪು ಬಣ್ಣ, ಯಾಕೆಂದರೆ ಕೆಳಗಿಂದ ಆಕಾಶದ ಬೆಳಕಿನಲ್ಲಿ ನೋಡುವ ಮೀನಿಗೆ ಕಪ್ಪೇ ಎದ್ದು ಕಾಣೋದು. ಅಂಗಡಿಯಲ್ಲಿ ಕಣ್ಣು ಕುಕ್ಕುವ ಬಣ್ಣಗಳಲ್ಲಿ ಅರ್ಧಕ್ಕರ್ಧ ಮೀನು ಹಿಡಿಯಲು ಮಾಡಿದ್ದಲ್ಲ, ಗಿರಾಕಿ ಹಿಡಿಯಲು ಮಾಡಿದ್ದು ಅಂತ ನಮ್ಮ ಅನುಮಾನ.

ಹೊತ್ತು? ಬೆಳಗ್ಗೆ ಬಿಸಿಲು ಏರುವ ಮೊದಲು, ಸಂಜೆ ದನ ಮನೆಗೆ ಬರುವ ಹೊತ್ತು. ಕಪ್ಪೆಯನ್ನು ಎಲೆ ಮೇಲೆ ಹಾಕಿ, ಸುಮ್ಮನೆ ಬಿಟ್ಟು, ಒಂದು ಜಗ್ಗು, ಮತ್ತೆ ಸುಮ್ಮನೆ. ನೀರು ಸಿಡಿದ ಕೂಡಲೇ ಕೋಲು ಎಳೆದರೆ ಬರಿಗಾಳ ಬರುತ್ತದೆ. ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸಿ ಆಮೇಲೆ ಎಳೆಯಿರಿ. ಹುಡುಗರಿಗೆ ಬಾರದ ವಿದ್ಯೆ ಇದೊಂದೇ.

ಒಂದು ಮಾತು ಹುಸಿ ಎರೆಯ ಪರವಾಗಿ ಹೇಳಬೇಕು. ಕೊರವಕ್ಕೆ ಬದುಕಿರುವ ಕಪ್ಪೆಯನ್ನು ಗಾಳಕ್ಕೆ ಪೋಣಿಸುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ನೋಡಲು ಆಗೋದಿಲ್ಲ. ಜೊತೆಗೆ ಗದ್ದೆಯಲ್ಲಿ ಹುಳ ತಿನ್ನುವ ಆಳನ್ನು ನಾವೇ ಕೈಯಾರೆ ಕಳೆದುಕೊಂಡ ಹಾಗೆ. ಹೊರದೇಶಕ್ಕೆ ಕಪ್ಪೆ ಕಾಲು ಕಳಿಸುವುದನ್ನು ಸರ್ಕಾರ 1987ರಲ್ಲಿ ನಿಲ್ಲಿಸಿದ್ದರ ಹಿಂದೆಯೂ ಈ ಲೆಕ್ಕ ಇತ್ತು. ಒಂದು ರಬ್ಬರ್ ಕಪ್ಪೆ ಒಂದು ಬೇಸಿಗೆ ಪೂರ್ತಿ ಬಾಳುತ್ತದೆ.

ಹುಡುಗರ ಡಬ್ಬಿಗಳಲ್ಲಿ ಇನ್ನೊಂದು ಬಗೆ ಸಾಮಾನು ಕಂಡೆವು. ಉದ್ದನೆಯ, ತೂಕದ, ಬೆಳ್ಳಿ ಬಣ್ಣದ ಲೋಹದ ತುಂಡು. ಅದು ಸಮುದ್ರದ್ದು. ನಮ್ಮ ಕರಾವಳಿಯಲ್ಲಿ ಫೆಬ್ರವರಿಯಿಂದ ಮೇವರೆಗೆ ಹೊಳೆಗಳು ಕೆಂಪು ನೀರು ತರುವುದಿಲ್ಲ, ಕಡಲು ಶಾಂತ, ನೀರು ತಿಳಿ. ಬಂಡೆಯ ಮೇಲೆ ನಿಂತು ಅಥವಾ ದೋಣಿಯಿಂದ ಇದನ್ನು ದೂರ ಎಸೆದು ಬೇಗ ಎಳೆದರೆ ಬೂತಾಯಿ ಓಡಿದ ಹಾಗೆ ಕಾಣುತ್ತದೆ, ಅಂಜಲ್ ಅಟ್ಟಿಸಿಕೊಂಡು ಬರುತ್ತದೆ. ಅಂಜಲ್ ಹಲ್ಲಿಗೆ ತಂಗೂಸಿ ತುಂಡಾಗುವುದರಿಂದ ಗಾಳದ ಬುಡಕ್ಕೆ ತಂತಿ ಕಟ್ಟುತ್ತಾರೆ. ಬಂಡೆ ಸಂದಿಯ ಮುರುಮೀನಿಗೆ ಆಳಕ್ಕೆ ಮುಳುಗುವ ಎರೆ ಬೇಕು. ಅಲ್ಲಿಯವರ ಆಯ್ಕೆಯೂ ಇಷ್ಟೇ: ಯಾವ ಮೀನು, ಅದು ಆ ತಿಂಗಳಲ್ಲಿ ಏನು ತಿನ್ನುತ್ತಿದೆ, ಆ ಅಳತೆ, ಆ ನಡೆ. ಆದರೆ ಅದೇ ತುಂಡನ್ನು ಆರಡಿ ನೀರಿನ ನಮ್ಮ ಕೆರೆಗೆ ಎಸೆದರೆ ಗುಂಡುಕಲ್ಲು ಎಸೆದ ಹಾಗೆ ಕೆಸರಿಗಿಳಿಯುತ್ತದೆ. ಅದರ ತುದಿಯ ಮೂರು ಮೊನೆಯ ಕೊಕ್ಕೆ ಅಲ್ಲೇ ಉಳಿಯುತ್ತದೆ. ನೀರು ಇನ್ನೂ ಇಳಿದಾಗ ಎಮ್ಮೆಯ ಗೊರಸಿಗೋ, ಬಟ್ಟೆ ಒಗೆಯಲು ಇಳಿದ ಹೆಣ್ಣುಮಕ್ಕಳ ಪಾದಕ್ಕೋ ಅದು ಸಿಗುತ್ತದೆ. ಕೆರೆಗೆ ಮೂರು ಮೊನೆಯ ಕೊಕ್ಕೆ ಬೇಡವೇ ಬೇಡ ಅಂತ ನಮ್ಮ ಒತ್ತಾಯ. ಒಂದೇ ಮೊನೆ ಇರಲಿ, ಅದರ ಹಿಮ್ಮುಳ್ಳನ್ನೂ ಇಕ್ಕಳದಿಂದ ಅಮುಕಿ. ಸಣ್ಣ ಮೀನು ಸಿಕ್ಕರೆ ಬಾಯಿ ಹರಿಯದೆ ಬಿಡಬಹುದು. ತುಂಡಾದ ತಂಗೂಸಿಯನ್ನು ಸುತ್ತಿ ಮನೆಗೆ ತನ್ನಿ, ಬೆಳ್ಳಕ್ಕಿಗಳ ಕಾಲಿಗೆ ಅದು ಉರುಳು.

ಕರಾವಳಿಯ ಮಾತು ಬಂದದ್ದಕ್ಕೆ ಇನ್ನೊಂದು. ಅಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲ ಅಂತ ಸರ್ಕಾರ ಮಾಡಿದ ಕಟ್ಟಳೆ. ನಮ್ಮ ಏರಿಯ ಮೇಲೆ ಅಂಥ ರೂಢಿ ಬೆಳೆದಿಲ್ಲ. ಇವತ್ತು ನಾವು ಇಲ್ಲಿಗೆ ಬಂದದ್ದು ಮುಖ್ಯವಾಗಿ ಇದನ್ನು ಹೇಳಲಿಕ್ಕೆ.

ಮುಂಗಾರು ಹನಿ ಬಿದ್ದು ಕೆರೆಗೆ ಹೊಸನೀರು ಬಂದಾಗ, ಕಾರಹುಣ್ಣಿಮೆಯ ಆಸುಪಾಸಿನಿಂದ, ನೀರಿನ ಮೇಲೆ ಕೆಂಪಗೆ ಒಂದು ಮುಷ್ಟಿ ಅರಿಶಿನ ಕುಂಕುಮ ಚೆಲ್ಲಿದ ಹಾಗೆ ಕದಲುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಕೊರವದ ಮರಿಗಳ ಗುಂಪು. ಅವು ಗಾಳಿಗೆ ಅಂತ ಮೇಲೆ ಬರುತ್ತವೆ, ಕೆಳಗೆ ತಾಯಿ ತಂದೆ ಕಾವಲು. ಆ ಗುಂಪಿನ ನಡುವೆ ಏನನ್ನು ಎಸೆದರೂ ಕಾವಲಿನ ಮೀನು ನುಗ್ಗಿ ಹೊಡೆಯುತ್ತದೆ. ಹಸಿವಿಗಲ್ಲ, ಮರಿಗಳ ಮೇಲೆ ಬಂದದ್ದನ್ನು ಓಡಿಸಲಿಕ್ಕೆ. ಆ ಹೊತ್ತಿನಲ್ಲಿ ಯಾವ ಬಣ್ಣದ ಕಪ್ಪೆ, ಯಾವ ತಗಡು ಅನ್ನುವ ಆಯ್ಕೆಯೇ ಬೇಡ, ಚಪ್ಪಲಿ ತುಂಡು ಕಟ್ಟಿ ಎಸೆದರೂ ಕಚ್ಚುತ್ತದೆ. ಅದಕ್ಕೇ ಕೆಲವರು ಇದನ್ನೇ ಸುಲಭದ ದಾರಿ ಅಂತ ಮಾಡಿಕೊಂಡಿದ್ದಾರೆ. ಒಂದು ಮೀನು ಬುಟ್ಟಿಗೆ ಬಿದ್ದರೆ ಆ ಮರಿಗಳನ್ನು ಉಳಿದ ಮೀನುಗಳು, ಹಕ್ಕಿಗಳು ಕ್ಷಣದಲ್ಲಿ ಮುಗಿಸುತ್ತವೆ. ಕೆರೆ ಬತ್ತಿದ ವರ್ಷವೂ ಕೆಸರಿನಲ್ಲಿ ಬದುಕಿ ಉಳಿದ ಜಾತಿಯನ್ನು ನಾವು ನೀರು ಬಂದ ವರ್ಷ ಕಳೆದುಕೊಳ್ಳುತ್ತೇವೆ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಕೇಳಿಕೆ: ಕೊರವಕ್ಕೆ ಗಾಳ ಹಾಕುವವರು ಯುಗಾದಿಯಿಂದ ಮೊದಲ ಹೊಸನೀರಿನವರೆಗೆ ಹಾಕಿ. ಕೆಂಪು ಮರಿ ಕಂಡ ದಿನ ಕೋಲನ್ನು ಅಟ್ಟಕ್ಕೆ ಏರಿಸಿ. ಆಮೇಲೂ ಕೈ ಕಡಿತ ತಡೆಯದಿದ್ದರೆ ರಾಗಿ ಮುದ್ದೆ ಹಚ್ಚಿ ಗೆಂಡೆ ಹಿಡಿಯಿರಿ. ಕೆರೆ ಗುತ್ತಿಗೆಯಲ್ಲಿದ್ದರೆ ಗುತ್ತಿಗೆದಾರನಿಗೆ ಒಂದು ಮಾತು ಹೇಳಿ, ಅವನು ಮರಿ ಬಿಟ್ಟು ದುಡ್ಡು ಹಾಕಿರುತ್ತಾನೆ. ಅವನಿಗೂ ಕೊರವ ಅಂದರೆ ಬಿತ್ತನೆ ಮರಿ ತಿನ್ನುವ ಕಳ್ಳ ಅನ್ನುವ ಸಿಟ್ಟಿದೆ, ಅದು ಪೂರ್ತಿ ಸುಳ್ಳೂ ಅಲ್ಲ. ಬೇಸಿಗೆಯಲ್ಲಿ ದೊಡ್ಡ ಕೊರವ ಹಿಡಿದರೆ ಅವನಿಗೂ ಅನುಕೂಲ ಅಂತ ಕೂತು ಮಾತಾಡಬಹುದು. ಆಫ್ರಿಕಾದ ಕ್ಯಾಟ್‌ಫಿಶ್ ಸಿಕ್ಕರೆ ಮಾತ್ರ ಯಾವ ಕಾಲದಲ್ಲೂ ನೀರಿಗೆ ವಾಪಸ್ ಬಿಡಬೇಡಿ, 2000ದಲ್ಲೇ ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿದೆ. ತೋಟೆ ಹಾಕುವುದು, ನೀರಿಗೆ ವಿಷ ಕಲಸುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ, ಅದರ ಬಗ್ಗೆ ಇಂಥ ಸಭೆಯಲ್ಲಿ ಹೆಚ್ಚು ಹೇಳಬೇಕಾಗಿಲ್ಲ.

ಮೇಜಿನ ಮೇಲೆ ಒಂದು ರಬ್ಬರ್ ಕಪ್ಪೆ, ಒಂದು ತಿರುಗು ತಗಡು, ಹಿಮ್ಮುಳ್ಳು ಅಮುಕಿದ ನಾಲ್ಕು ಗಾಳ ಇಟ್ಟಿದ್ದೇವೆ. ಮುಟ್ಟಿ ನೋಡಿ, ಮೊನೆ ಹುಷಾರು. ಊಟ ಆದ ಮೇಲೆ ಬಿಸಿಲು ಇಳಿದ ಹೊತ್ತಿಗೆ ನಾವು ಏರಿ ಮೇಲೆ ಇರುತ್ತೇವೆ, ಕಪ್ಪೆ ಎಸೆಯುವುದನ್ನು ನೋಡಬೇಕು ಅನ್ನುವವರು ಅಲ್ಲಿಗೆ ಬನ್ನಿ. ಮಕ್ಕಳನ್ನೂ ಕರೆತನ್ನಿ, ಬೆನ್ನ ಹಿಂದೆ ಮಾತ್ರ ನಿಲ್ಲಿಸಬೇಡಿ.